ಸೊಗಡಿಗೆ ನೋಂದಣಿ ಸಂಖ್ಯೆ ಯಾವುದು?

2025ರ ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಬಿನ್ನಿಪೇಟೆಯ ಬೀದಿಗೆ ಬಂದ ತಳ್ಳುಗಾಡಿಯಿಂದ ಒಂದು ಹಿಡಿ ಅವರೆಕಾಯಿ ಎತ್ತಿ ಮೂಸಿದ ನನ್ನಾಕೆ ಅದನ್ನು ಮರಳಿ ರಾಶಿಗೇ ಸುರಿದಳು. "ಸೊಗಡಿಲ್ಲ" ಎಂಬುದೊಂದೇ ಅವಳ ತೀರ್ಪು. ಗಾಡಿಯವನು ವಾದಿಸಲಿಲ್ಲ; ಅವನಿಗೂ ಗೊತ್ತಿತ್ತು.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೀಜದ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿರುವವನು. ಕೇಂದ್ರ ಸರ್ಕಾರವು 2025ರ ನವೆಂಬರಿನಲ್ಲಿ ಪ್ರಕಟಿಸಿದ ಬೀಜ ಮಸೂದೆಯ ಕರಡಿನ ಮಾತು ಬಂತು. "ಸಾರ್, ನಕಲಿ ಬೀಜದ ಹಾವಳಿ ನಿಲ್ಲಬೇಕಾದರೆ ಪ್ರತಿಯೊಂದು ತಳಿಯೂ ನೋಂದಣಿಯಾಗಲೇಬೇಕು. ರೈತರ ಬೀಜವನ್ನು ಯಾರೂ ಮುಟ್ಟುವುದಿಲ್ಲ. ನೀವು ಸುಮ್ಮನೆ ಹೆದರುತ್ತೀರಿ" ಎಂದ. ಕಾಫಿ ಮುಗಿಯುವಷ್ಟರಲ್ಲಿ ಉತ್ತರ ಕೊಡಲಾಗಲಿಲ್ಲ. ಅದನ್ನೀಗ ಬರೆಯುತ್ತಿದ್ದೇನೆ.

ನಕಲಿ ಬೀಜದ ಕಷ್ಟವನ್ನು ನಾನು ಅಲ್ಲಗಳೆಯುವವನಲ್ಲ. ನನ್ನ ಅಣ್ಣನ ಮಗ ಒಮ್ಮೆ ಹೈಬ್ರಿಡ್ ಮುಸುಕಿನ ಜೋಳ ಬಿತ್ತಿ, ತೆನೆಯಲ್ಲಿ ಕಾಳೇ ಕಟ್ಟದೆ ಕೈಸುಟ್ಟುಕೊಂಡ. ಪೊಟ್ಟಣದ ಮೇಲೆ ಹೆಸರು, ಸಂಖ್ಯೆ, ಮೊಹರು ಎಲ್ಲವೂ ಇದ್ದವು. ಅಂಗಡಿಯವರು ಕಂಪನಿಯನ್ನು ತೋರಿಸಿದರು, ಕಂಪನಿಯವರು ಮಳೆಯನ್ನು ತೋರಿಸಿದರು. ಅಲ್ಲಿ ಕೊರತೆಯಿದ್ದದ್ದು ಚೀಟಿಯದಲ್ಲ, ಹೊಣೆಗಾರಿಕೆಯದು. 1966ರ ಬೀಜ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ 500 ರೂಪಾಯಿ ದಂಡವಿತ್ತು. ಹೊಸ ಕರಡಿನಲ್ಲಿ ಗಂಭೀರ ಅಪರಾಧಕ್ಕೆ 30 ಲಕ್ಷ ರೂಪಾಯಿವರೆಗೆ ದಂಡ, ಮೂರು ವರ್ಷದವರೆಗೆ ಸೆರೆವಾಸ. ಸಂತೋಷವೇ. ಆದರೆ ದಂಡದ ಹಣ ಸೇರುವುದು ಸರ್ಕಾರದ ಬೊಕ್ಕಸವನ್ನೇ ಹೊರತು ಬೆಳೆ ಕಳೆದುಕೊಂಡವನ ಮನೆಯನ್ನಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಅದಕ್ಕಾಗಿ ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಬಿತ್ತನೆಯ ಕಾಲದಲ್ಲಿ ಯಾವ ರೈತ ಹತ್ತಿಯಾನು?

ಇನ್ನು "ರೈತರ ಬೀಜವನ್ನು ಮುಟ್ಟುವುದಿಲ್ಲ" ಎಂಬ ಮಾತು. ಅಕ್ಷರಶಃ ಅದು ಸತ್ಯ. ರೈತನು ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರಿನಲ್ಲಿ ಮಾತ್ರ ಮಾರಕೂಡದು ಎನ್ನುತ್ತದೆ ಕರಡು. ರೈತ ತಳಿಗಳಿಗೆ ಕಡ್ಡಾಯ ನೋಂದಣಿಯೂ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿಯೂ ಇಂಥದೇ ಮಾತಿದೆ. ಆದರೆ ಅಲ್ಲಿ ನಿಷೇಧವಿರುವುದು ಸಂರಕ್ಷಿತ ತಳಿಯೆಂದು ಚೀಟಿ ಹಚ್ಚಿದ ಪೊಟ್ಟಣಕ್ಕೆ ಮಾತ್ರ. ಹೊಸ ಕರಡಿನ ಬ್ರ್ಯಾಂಡ್ ಎಂಬ ಶಬ್ದದ ಕೈ ಎಷ್ಟು ಉದ್ದ? ಮಾಗಡಿ ಸೀಮೆಯ ನನ್ನ ಅಕ್ಕ ಇಂದಿಗೂ ಅವರೆಬೀಜಕ್ಕೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಮಡಕೆಯಲ್ಲಿಡುತ್ತಾಳೆ. ಅವಳೊಬ್ಬಳೇ ಪಕ್ಕದ ಮನೆಗೆ ಸೇರು ಬೀಜ ಅಳೆದು ಕೊಟ್ಟರೆ ಕಾನೂನು ಕಣ್ಣೆತ್ತಿ ನೋಡುವುದಿಲ್ಲ. ಊರಿನ ಹತ್ತು ಹೆಂಗಸರು ಸಂಘ ಕಟ್ಟಿಕೊಂಡು, ಪೊಟ್ಟಣದ ಮೇಲೆ ಸಂಘದ ಹೆಸರು ಬರೆದು ಬೀಜ ಮೇಳದಲ್ಲಿ ಮಾರಿದರೆ? ಆ ಹೆಸರು ಬ್ರ್ಯಾಂಡ್ ಆಗುತ್ತದೆಯೇ? ಇದಕ್ಕೆ ನನ್ನ ಶಿಷ್ಯನಲ್ಲಿ ಉತ್ತರವಿರಲಿಲ್ಲ. "ಅದನ್ನೆಲ್ಲ ಆಮೇಲೆ ನಿಯಮಗಳಲ್ಲಿ ಸರಿಪಡಿಸುತ್ತಾರೆ, ಸಾರ್" ಎಂದ.

ಬೀಜ ಎಂದೂ ಒಬ್ಬಂಟಿಯಾಗಿ ಉಳಿದದ್ದಲ್ಲ. ಕಿರುಗಾವಲಿನ ಸಯ್ಯದ್ ಘನಿ ಖಾನ್ ನೂರಾರು ಬಗೆಯ ಭತ್ತವನ್ನು ಉಳಿಸಿರುವುದೂ, ಸಹಜ ಸಮೃದ್ಧದವರು ಊರೂರಿನಲ್ಲಿ ಬೀಜ ಮೇಳ ನಡೆಸಿದ್ದೂ ಕೊಡುಕೊಳ್ಳುವ ಬಲದಿಂದ. ರೈತನೆಂದರೆ ಹೊಲದಲ್ಲಿ ನಿಂತ ಒಬ್ಬ ವ್ಯಕ್ತಿ ಎಂದಷ್ಟೇ ಎಣಿಸುವ ಕಾನೂನಿಗೆ ಈ ಬಲ ಕಾಣಿಸುವುದಿಲ್ಲ. ಮೇಲಾಗಿ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರ ಇರುವುದು ಪ್ರಮಾಣಿತ ಬೀಜಕ್ಕೆ. ಅಕ್ಕನ ಮಡಕೆಯ ಬೀಜಕ್ಕಲ್ಲ. ಮುಟ್ಟುವುದಿಲ್ಲ ಎಂಬುದು ನಿಜವೇ. ಊಟಕ್ಕೂ ಕರೆಯುವುದಿಲ್ಲ.

ನಾನು ಜೀವಶಾಸ್ತ್ರ ಕಲಿಸಿದವನಾದ್ದರಿಂದ ಒಂದು ವಿಷಯವನ್ನು ತುಸು ಬಿಡಿಸಿ ಹೇಳಬೇಕು. ತಳಿಯೊಂದು ಸಂರಕ್ಷಣೆಗೆ ನೋಂದಣಿಯಾಗಲು ಅದು ಭಿನ್ನವಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು. ನಾಟಿ ಸೊಗಡವರೆಗೆ ಈ ಏಕರೂಪವೇ ಒಗ್ಗದು. ಅದು ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಗಿಡ. ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ, ಹುಚ್ಚೆಳ್ಳಿನ ಜೊತೆ ಬೆಳೆದು, ರಾಗಿ ಕೊಯ್ಲಾದ ಮೇಲೂ ನಿಂತು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕಾಯಿ ಕೊಡುತ್ತದೆ. ಒಂದು ಗಿಡ ಮುಂಚೆ, ಇನ್ನೊಂದು ತಡ. ಮಂಜು ಬಿದ್ದರೆ ಒಂದು ಕೆಡುತ್ತದೆ, ಇನ್ನೊಂದು ಉಳಿಯುತ್ತದೆ. ಈ ಅಸಮತೆಯೇ ಮಳೆಯಾಶ್ರಿತ ರೈತನ ವಿಮೆ. ಸಿಪ್ಪೆಯ ಮೇಲೆ ಕೈಗಂಟುವ ಜಿಡ್ಡಿನಲ್ಲಿ ಸೊಗಡಿರುತ್ತದೆ. ಅದನ್ನು ಅಳೆಯುವ ಕಲಂ ಯಾವ ಅರ್ಜಿಯಲ್ಲಿದೆ? ನಮ್ಮ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ವರ್ಷವಿಡೀ ಬೆಳೆಯುತ್ತವೆ, ಗಿಡ್ಡ ಗಿಡ, ಒಟ್ಟಿಗೇ ಕಾಯಿ. ಬೇಸಗೆಯಲ್ಲಿ ನಾನೂ ಅದರ ಉಪ್ಪಿಟ್ಟು ತಿಂದಿದ್ದೇನೆ. ಅದೂ ಇರಲಿ. ಅದೊಂದೇ ಉಳಿಯಬಾರದು ಎಂಬುದಷ್ಟೇ ನನ್ನ ತಕರಾರು.

ಇದು ವಿಜ್ಞಾನದ್ವೇಷವೆಂದು ಶಿಷ್ಯ ಭಾವಿಸದಿರಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿ ನಮ್ಮ ರಾಗಿಯ ಇಳುವರಿಯನ್ನು ಎತ್ತಿದರು. ಅವರಿಗೆ ನನ್ನ ನಮಸ್ಕಾರ. ಆದರೆ ಅವರು ಮಾಡಿದ್ದು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ. ಆಫ್ರಿಕಾದ ಹೆಸರಿಲ್ಲದ ರೈತರು ಆ ಬೀಜವನ್ನು ತಲೆತಲಾಂತರದಿಂದ ಕಾಪಾಡದಿದ್ದರೆ ಲಕ್ಷ್ಮಣಯ್ಯನವರು ಯಾವುದಕ್ಕೆ ಯಾವುದನ್ನು ಸಂಕರ ಮಾಡುತ್ತಿದ್ದರು? ಅದಕ್ಕೆ ಯಾರ ನೋಂದಣಿಯಿತ್ತು?

1992ರ ಡಿಸೆಂಬರ್ 29ರಂದು ರೈತ ಸಂಘದವರು ಇದೇ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಆ ದಾರಿ ನನಗೆ ಒಪ್ಪಿಗೆಯಿರಲಿಲ್ಲ, ಇಂದಿಗೂ ಇಲ್ಲ. ಸ್ಟಾಫ್ ರೂಮಿನಲ್ಲಿ ಅದಕ್ಕಾಗಿ ಜಗಳವನ್ನೇ ಆಡಿದ್ದೆ. ಆದರೆ ಬೀಜದ ಒಡೆಯ ಯಾರು ಎಂದು ಪ್ರೊ. ನಂಜುಂಡಸ್ವಾಮಿಯವರು ಎತ್ತಿದ ಪ್ರಶ್ನೆಗೆ ಅಂದು ಕಿವಿಗೊಡದೆ ಹೋದುದಕ್ಕೆ ಇಂದು ನಾಚುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ರೈತರ ಸಂಘಗಳನ್ನೂ ಬೀಜ ಉಳಿಸುವ ಗುಂಪುಗಳನ್ನೂ ರೈತನೆಂದೇ ಎಣಿಸಬೇಕು, ಅವರ ಹೆಸರು ಬ್ರ್ಯಾಂಡ್ ಅಲ್ಲವೆಂದು ಕಾಯ್ದೆಯಲ್ಲಿಯೇ ಬರೆಯಬೇಕು, ನಿಯಮಗಳಿಗೆ ಬಿಡಬಾರದು. ಬೀಜ ಕೈಕೊಟ್ಟರೆ ಪರಿಹಾರ ರೈತನ ಕೈಗೇ, ಮುಂದಿನ ಬಿತ್ತನೆಗೆ ಮೊದಲೇ ಸಿಗಬೇಕು. ಇವುಗಳಲ್ಲಿ ಯಾವುದರಿಂದ ಪ್ರಾಮಾಣಿಕ ಕಂಪನಿಗೆ ನಷ್ಟವೆಂದು ನನ್ನ ಶಿಷ್ಯ ಬರೆದು ತಿಳಿಸಲಿ. ಅವನ ಉತ್ತರವನ್ನು ಒಂದಕ್ಷರವೂ ತಿದ್ದದೆ ಇಲ್ಲಿಯೇ ಪ್ರಕಟಿಸುತ್ತೇನೆ, ಕಾಗುಣಿತವನ್ನು ಬಿಟ್ಟು.