ರೂಮಿಗೆ ಬರುವವನ ಪಕ್ಷ ಯಾಕೆ ಕೇಳಬೇಕು?

ಬೆಂಗಳೂರಿನ ವಿಜಯನಗರದಲ್ಲಿ ನಾವು ಆರು ಜನ ಸೇರಿ ಎರಡು ಬೆಡ್‌ರೂಮಿನ ಮನೆಯೊಂದನ್ನು ಹಿಡಿದಿದ್ದೆವು. ಬಾಡಿಗೆ 24 ಸಾವಿರ, ತಲೆಗೆ ನಾಲ್ಕು ಸಾವಿರ. ಎಲ್ಲರೂ ಕೆಎಎಸ್, ಎಫ್‌ಡಿಎ ಎಂದು ಒಂದಲ್ಲ ಒಂದು ಪರೀಕ್ಷೆಯ ಹಿಂದೆ ಬಿದ್ದವರೇ. ಒಬ್ಬೊಬ್ಬರದು ಒಂದೊಂದು ಜಿಲ್ಲೆಯಾದ್ದರಿಂದ ಕರೆಯುವುದೂ ಊರಿನ ಹೆಸರಿನಿಂದಲೇ: ಮಂಡ್ಯ, ಹಾಸನ, ದಾವಣಗೆರೆ, ಕಲಬುರಗಿ... ಒಬ್ಬ ಅನ್ನಕ್ಕಿಟ್ಟರೆ ಇನ್ನೊಬ್ಬ ಸಾರು ಮಾಡುತ್ತಿದ್ದ, ಮತ್ತೊಬ್ಬ ಪಾತ್ರೆ ತೊಳೆಯುತ್ತಿದ್ದ. ಜಗಳವಾಗುತ್ತಿದ್ದುದು ನೀರಿನ ಕ್ಯಾನ್ ತರುವ ಸರದಿಗೆ ಮಾತ್ರ.

ಈ ಮನೆ ಸಿಗುವ ಮೊದಲು ತಿಂಗಳುಗಟ್ಟಲೆ ಟು-ಲೆಟ್ ಬೋರ್ಡ್ ಹುಡುಕಿ ಅಲೆದಿದ್ದೆವು. ಫೋನ್ ಎತ್ತಿದವರು ಬಾಡಿಗೆಯ ಮಾತಿಗಿಂತ ಮೊದಲು ಕೇಳುತ್ತಿದ್ದುದು, ‘ನೀವು ಯಾವ ಪೈಕಿ?’ ಎಂದು. ‘ಮೊಟ್ಟೆನೂ ಮಾಡಂಗಿಲ್ಲ’ ಎನ್ನುವುದು ಅದೇ ಪ್ರಶ್ನೆಯ ಇನ್ನೊಂದು ರೂಪ. ಆ ಮನೆಗಳ ಮೆಟ್ಟಿಲಿಳಿದು ಬಂದು ಓನರ್‌ಗಳನ್ನು ಮನಸಾರೆ ಬೈದವರಲ್ಲಿ ನಾನೂ ಒಬ್ಬ.

2024ರ ಲೋಕಸಭಾ ಚುನಾವಣೆ ಬಂತು. ಮಂಡ್ಯ, ಹಾಸನದವರಿಗೆ ಏಪ್ರಿಲ್ 26ಕ್ಕೆ ಮತದಾನ. ದಾವಣಗೆರೆ, ಕಲಬುರಗಿಯವರಿಗೆ ಮೇ 7ಕ್ಕೆ. ಹೀಗಾಗಿ ಚುನಾವಣೆಯ ಕಾವು ನಮ್ಮ ಒಂದೇ ಮನೆಯಲ್ಲಿ ಎರಡು ಸಲ ಏರಿತು. ಗ್ಯಾಸ್, ಕರೆಂಟ್ ಬಿಲ್ಲಿನ ಲೆಕ್ಕಕ್ಕೆಂದು ಮಾಡಿಕೊಂಡಿದ್ದ ವಾಟ್ಸ್‌ಆ್ಯಪ್ ಗ್ರೂಪ್ ತುಂಬ ಮೀಮ್‌ಗಳು, ರೀಲ್ಸ್‌ಗಳು. ನಾವು ಐದು ಜನ ಒಂದು ಕಡೆ, ಕಲಬುರಗಿಯವನು ಒಬ್ಬನೇ ಇನ್ನೊಂದು ಕಡೆ. ಯಾವ ಪಕ್ಷ ಎಂದು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮಗುಚುತ್ತೀರಿ!

ಮೊದಮೊದಲು ಅವನೂ ಜೋರಾಗಿಯೇ ವಾದ ಮಾಡುತ್ತಿದ್ದ. ಆಮೇಲೆ ನಕ್ಕು ಸುಮ್ಮನಾಗತೊಡಗಿದ. ಇನ್ನೂ ಕೆಲವು ದಿನ ಕಳೆದ ಮೇಲೆ ನಮ್ಮ ಊಟವೆಲ್ಲ ಮುಗಿದ ನಂತರ ತಟ್ಟೆ ಹಿಡಿದು ಒಬ್ಬನೇ ಕೂರುತ್ತಿದ್ದ. ‘ಓದೋದದ’ ಎನ್ನುತ್ತಿದ್ದ. ಜೂನ್ 4ರ ಫಲಿತಾಂಶದ ನಂತರದ ವಾರ ಬ್ಯಾಗ್ ಕಟ್ಟಿದ. ಯಾಕೋ ಎಂದರೆ, ‘ಲೈಬ್ರರಿ ಇಲ್ಲಿಂದ ದೂರ ಆಗ್ಲತ್ತದ ಅಣ್ಣಾ’ ಎಂದ. ಲೈಬ್ರರಿ ಇದ್ದದ್ದು ನಮ್ಮ ಹಿಂದಿನ ರಸ್ತೆಯಲ್ಲಿ. ಯಾರೂ ಅವನಿಗೆ ಹೋಗು ಎಂದಿರಲಿಲ್ಲ. ಅದನ್ನೇ ನಾವು ಬಹಳ ದಿನ ಹೇಳಿಕೊಂಡು ತಿರುಗಿದೆವು.

ಬಾಡಿಗೆ ತಲೆಗೆ 4,800 ಆಯಿತು. ಆರನೆಯವನಿಗಾಗಿ ಹುಡುಕಾಟ ಶುರುವಾಯಿತು. ಕೋಲಾರದ ಹುಡುಗನೊಬ್ಬ ಮನೆ ನೋಡಲು ಬಂದ. ಅಡ್ವಾನ್ಸ್ ಎಷ್ಟು, ಅಡುಗೆ ಬರುತ್ತದಾ ಎಂದೆಲ್ಲ ಆದ ಮೇಲೆ ನಮ್ಮಲ್ಲೊಬ್ಬ ಸಹಜವಾಗಿ ಕೇಳಿದ: ‘ಮಚ್ಚಾ, ನೀನು ಯಾವ ಪಾರ್ಟಿ?’ ಆ ಹುಡುಗ ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿದ. ಸರಿಯಾದ ಉತ್ತರ ಯಾವುದಿರಬಹುದು ಎಂದು ಲೆಕ್ಕ ಹಾಕುವ ಆ ನೋಟ ನನಗೆ ಚೆನ್ನಾಗಿ ಗೊತ್ತು. ಓನರ್‌ಗಳ ಮುಂದೆ ನಾನೂ ಹಾಗೆಯೇ ನಿಂತಿದ್ದೆ.

ಪಾಲಿಟಿ ಓದುವವರಿಗೆ ಗೊತ್ತಿರುತ್ತದೆ, ಸಂವಿಧಾನದ 15ನೇ ವಿಧಿ ಹೇಳುವುದು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ತಾರತಮ್ಯದ ಬಗ್ಗೆ. ರಾಜಕೀಯ ಅಭಿಪ್ರಾಯ ಆ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿರುವುದಕ್ಕೂ ಖಾಸಗಿ ವಸತಿಯಲ್ಲಿ ಪೂರ್ತಿ ರಕ್ಷಣೆ ಸಿಗುತ್ತದೆ ಎನ್ನುವಂತಿಲ್ಲ. ಗುಜರಾತಿನ ಗೃಹ ನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂದು ಮಾಡಿಕೊಂಡಿದ್ದ ಬೈಲಾವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಡೆನ್ಮಾರ್ಕ್‌ನಲ್ಲಿ 1970ರ ದಶಕದಿಂದ ‘ಕೋಹೌಸಿಂಗ್’ ಎಂಬ ಪದ್ಧತಿ ಇದೆ. ಪ್ರತಿ ಕುಟುಂಬಕ್ಕೂ ಬೇರೆ ಮನೆ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ, ಸರದಿಯ ಮೇಲೆ ಅಡುಗೆ. ನಮ್ಮ ರೂಮಿನದೇ ದುಬಾರಿ ರೂಪ ಎನ್ನಿ. ಕೊನೆಗೆ ಸಮಾನಮನಸ್ಕರೇ ಬಂದು ಸೇರಿಕೊಳ್ಳುತ್ತಾರೆ ಎಂಬ ದೂರು ಇಂಥ ಕಡೆಗಳಲ್ಲೂ ಇದೆ. ಅಂದರೆ ಕಾನೂನು ನೋಡಿಕೊಳ್ಳಲಿ ಎಂದು ಕೂರುವಂತಿಲ್ಲ. ಬಾಗಿಲ ಒಳಗೆ ಯಾರಿರಬೇಕು ಎಂಬುದು ಒಳಗಿರುವವರ ಕೈಯಲ್ಲೇ ಇದೆ.

‘ರೂಮಲ್ಲಿ ರಾಜಕೀಯ ಮಾತಾಡೋದೇ ಬೇಡ, ಮುಗೀತಲ್ಲ’ ಎನ್ನುವವರಿದ್ದಾರೆ. ನಮ್ಮಲ್ಲೂ ಈ ಸಲಹೆ ಬಂತು. ನಾನು ಒಪ್ಪಲಿಲ್ಲ. ಐವರು ಒಂದೇ ಕಡೆ ಇರುವ ಮನೆಯಲ್ಲಿ ಐವರ ಮಾತು ‘ಸುಮ್ನೆ ತಮಾಷೆ’ ಎನಿಸಿಕೊಳ್ಳುತ್ತದೆ, ಆರನೆಯವನು ಬಾಯಿಬಿಟ್ಟರೆ ಮಾತ್ರ ಅದು ‘ರಾಜಕೀಯ’ವಾಗುತ್ತದೆ. ನಿಷೇಧದ ಬಿಸಿ ತಟ್ಟುವುದು ಅವನೊಬ್ಬನಿಗೇ. ಇನ್ನು, ಭಿನ್ನ ಅಭಿಪ್ರಾಯದವನು ಜೊತೆಗಿದ್ದರೆ ಇಂಟರ್‌ವ್ಯೂಗೆ ಒಳ್ಳೆಯದು ಎಂಬ ವಾದ. ಅದು ನಿಜವೂ ಹೌದು, ನನ್ನ ಪ್ರಬಂಧಗಳಲ್ಲಿ ತಪ್ಪು ಹಿಡಿಯುತ್ತಿದ್ದವನು ಕಲಬುರಗಿಯವನೇ. ಆದರೆ ನಮ್ಮ ತಯಾರಿಗಾಗಿ ಅವನನ್ನು ಇಟ್ಟುಕೊಳ್ಳಬೇಕು ಎನ್ನುವುದು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಅವನೂ ನಾಲ್ಕು ಸಾವಿರ ಕೊಟ್ಟಿದ್ದ.

ಆದರೆ ಎಲ್ಲವನ್ನೂ ‘ಅಭಿಪ್ರಾಯ’ ಎಂದು ಸಹಿಸಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಯಾರಿಗೆ ಮತ ಹಾಕಬೇಕು ಎಂಬುದು ಅಭಿಪ್ರಾಯ. ರೂಮ್‌ಮೇಟ್ ಮುಟ್ಟಿದ ಪಾತ್ರೆ ಬೇಡ ಎನ್ನುವುದು, ಅವನ ಜಾತಿ-ಧರ್ಮ ಹಿಡಿದು ಮಾತಾಡುವುದು ಅಭಿಪ್ರಾಯವಲ್ಲ. ಅದಕ್ಕೆ ಮನೆಯಲ್ಲಿ ಜಾಗ ಇರಬಾರದು.

ಈಗ ನಮ್ಮ ಮನೆಯಲ್ಲಿ ಲೆಕ್ಕದ ಗ್ರೂಪ್‌ನಲ್ಲಿ ಲೆಕ್ಕ ಮಾತ್ರ. ವಾದ ಮಾಡುವುದಿದ್ದರೆ ಎದುರು ಕೂತು, ಊಟ ಮುಗಿದ ಮೇಲೆ. ಹೊಸಬರಿಗೆ ಪಕ್ಷ ಕೇಳುವುದಿಲ್ಲ. ಇದು ನೆಟ್ಟಗೆ ನಡೆಯುತ್ತಿದೆ ಎಂದು ಹೇಳಲಾರೆ, ಕಳೆದ ವಾರವೂ ಒಬ್ಬ ರೀಲ್ ಹಾಕಿದ್ದ. ಕೋಲಾರದ ಹುಡುಗ ‘ಯೋಚ್ನೆ ಮಾಡಿ ಹೇಳ್ತೀನಿ’ ಎಂದು ಹೋದವನು ತಿರುಗಿ ಬರಲೇ ಇಲ್ಲ.

ಕಲಬುರಗಿಯವನ ಅಡ್ವಾನ್ಸ್‌ನಲ್ಲಿ ನಾವು ಕೊಡಬೇಕಾದ ಎರಡು ಸಾವಿರ ಹಾಗೇ ಉಳಿದಿತ್ತು. ಮೊನ್ನೆ ಕಳಿಸಿದೆ. ‘ಬಂತು ಅಣ್ಣಾ’ ಎಂದು ಮೆಸೇಜ್ ಹಾಕಿದ. ಮುಂದೆ ಏನು ಬರೆಯಬೇಕೋ ತಿಳಿಯದೆ, ಪರೀಕ್ಷಾ ಕೇಂದ್ರ ಎಲ್ಲಿ ಬಂದಿದೆ ಎಂದು ಕೇಳಿದೆ.