ಪದಚ್ಯುತಿಯೊಂದೇ ಅಸ್ತ್ರವಲ್ಲ

ಅಧ್ಯಕ್ಷರು ಸ್ವೇಚ್ಛೆಯಿಂದ ನಡೆದರೆ ಅವಿಶ್ವಾಸ ಗೊತ್ತುವಳಿಯೊಂದೇ ಮದ್ದೆಂದು ನಂಬಿ, ಅಲ್ಲಿಯವರೆಗೆ ಮೌನವಾಗಿರುವ ನಮ್ಮ ಪಂಚಾಯಿತಿ ಸದಸ್ಯರು ಕೆನಡಾದ ಟೊರಾಂಟೊ ನಗರ ಪರಿಷತ್ತಿನ ಅನುಭವವನ್ನು ಗಮನಿಸಬೇಕು. ಅಲ್ಲಿ ಮೇಯರರನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ಅವಿಶ್ವಾಸದಿಂದ ಕೆಳಗಿಳಿಸುವ ಅಧಿಕಾರ ಪರಿಷತ್ತಿಗಿಲ್ಲ.

2010ರ ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ರಾಬ್ ಫೋರ್ಡ್, ಮೊದಲ ದಿನವೇ ನಗರದ ಲಘು ರೈಲು ಯೋಜನೆ ಮುಗಿದ ಕಥೆಯೆಂದು ಸಾರಿದರು. ಕಾರುಗಳ ಮೇಲಿನ ಸಮರ ಮುಗಿಯಿತೆಂಬುದು ಅವರ ಘೋಷಣೆ. ಪರಿಷತ್ತಿನ ಮತವನ್ನೇ ಪಡೆಯದ ಈ ಅಪ್ಪಣೆಯನ್ನು ಸದಸ್ಯರು 2012ರ ಫೆಬ್ರವರಿಯಲ್ಲಿ 25–18 ಮತಗಳಿಂದ ಬದಿಗೊತ್ತಿ, ಲಘು ರೈಲಿಗೆ ಮರುಜೀವ ಕೊಟ್ಟರು. ಮೇಯರರಿಗೂ ಇರುವುದು ಒಂದೇ ಮತವೆಂಬುದು ಅಂತೂ ನೆನಪಾಯಿತು, ಹದಿನಾಲ್ಕು ತಿಂಗಳು ತಡವಾಗಿ!

2013ರ ನವೆಂಬರಿನಲ್ಲಿ ಫೋರ್ಡ್ ತಾವು ಮಾದಕ ವಸ್ತು ಸೇವಿಸಿದ್ದನ್ನು ಒಪ್ಪಿಕೊಂಡ ಬಳಿಕ, ಪರಿಷತ್ತು ತಾನು ವಹಿಸಿಕೊಟ್ಟಿದ್ದ ಅಧಿಕಾರಗಳನ್ನು ಹಿಂಪಡೆದು, ಅವರ ಕಚೇರಿಯ ಅನುದಾನವನ್ನು ಕಡಿತಗೊಳಿಸಿ, ಬಹುಪಾಲು ಹೊಣೆಯನ್ನು ಉಪಮೇಯರರಿಗೆ ಒಪ್ಪಿಸಿತು. ಜಗತ್ತಿನ ಪತ್ರಿಕೆಗಳು ಸಂಭ್ರಮಿಸಿದ್ದು ಇದನ್ನೇ. ನಮಗೆ ಮಹತ್ವದ್ದೆನಿಸುವುದು ಮೊದಲಿನ ಮತದಾನ. ಅಂದು ತಿರಸ್ಕೃತವಾದದ್ದು ಒಂದು ನೀತಿ. ಹಗರಣ ಸ್ಫೋಟಿಸುವ ತನಕ ಕಾಯುವ ಸದಸ್ಯರಿಂದ ಊರಿಗೇನು ಪ್ರಯೋಜನ?

ಆದರೆ 2022ರಲ್ಲಿ ಒಂಟಾರಿಯೊ ಪ್ರಾಂತ್ಯ ಸರ್ಕಾರ (ಅದರ ಮುಖ್ಯಸ್ಥರು ರಾಬ್ ಅವರ ಅಣ್ಣ ಡಗ್ ಫೋರ್ಡ್ ಎಂಬುದನ್ನು ಓದುಗರು ಗಮನಿಸಲಿ) ಪ್ರಾಂತ್ಯದ ಆದ್ಯತೆಗಳೆನಿಸಿದ ವಿಷಯಗಳಲ್ಲಿ ಟೊರಾಂಟೊ ಮೇಯರರಿಗೆ ಶಾಸನದ ಮೂಲಕವೇ ವೀಟೊ ಅಧಿಕಾರ ನೀಡಿತು. ಅದನ್ನು ಮೀರಲು ಪರಿಷತ್ತಿನ ಮೂರನೇ ಎರಡರಷ್ಟು ಮತ ಬೇಕು. 25–18ರ ಬಹುಮತ ಅಂಥ ವೀಟೊದ ಮುಂದೆ ನಿಲ್ಲದು.