ಬಿಡಿಸಿಕೊಂಡು ಬಂದಿರಿ, ಆಮೇಲೇನು?



ಹೊಲ ಕದಿಯುವವರನ್ನು ಕಂಡಿದ್ದೇವೆ, ಕೂಲಿ ಕದಿಯುವವರನ್ನೂ ಕಂಡಿದ್ದೇವೆ. ಮನುಷ್ಯನ ಹೆಸರನ್ನೇ ಕದಿಯುವವರನ್ನು ಕೇಳಿದ್ದೀರಾ?

ಇಂಡೋನೇಷ್ಯಾದಲ್ಲಿ ಬೆಂಜಿನಾ ಎಂಬ ಊರಿದೆ. ಅಲ್ಲಿನ ಸ್ಮಶಾನವೊಂದರಲ್ಲಿ 60ಕ್ಕೂ ಹೆಚ್ಚು ಮೀನುಗಾರರನ್ನು ಹೂತಿದ್ದಾರೆ. ಹಲಗೆಗಳ ಮೇಲೆ ಥಾಯ್ ಹೆಸರುಗಳು. ಆದರೆ ಒಳಗೆ ಮಲಗಿದವರಲ್ಲಿ ಎಷ್ಟೋ ಮಂದಿ ಥಾಯ್ ಜನರೇ ಅಲ್ಲ. ಬರ್ಮಾದವರು, ಕಾಂಬೋಡಿಯಾದವರು, ಲಾವೋಸಿನವರು. ಕೆಲಸ ಕೊಡಿಸುತ್ತೇವೆಂದು ಕರೆತಂದ ಏಜೆಂಟರು ಕಳ್ಳ ಕಾಗದ ಮಾಡಿಸಿ, ಬೇರೆ ಹೆಸರು ಅಂಟಿಸಿ ಬೋಟು ಹತ್ತಿಸಿದ್ದರು. ಸತ್ತಾಗಲೂ ಅದೇ ಹೆಸರು. ಹೆತ್ತ ತಾಯಿ ಅಲ್ಲಿಯವರೆಗೆ ಹುಡುಕಿಕೊಂಡು ಹೋದರೂ ಮಗನ ಗೋರಿ ಯಾವುದೆಂದು ತಿಳಿಯದು!

ಬದುಕಿದ್ದವರ ಪಾಡು? ದಿನಕ್ಕೆ 20, 22 ತಾಸು ದುಡಿತ. ಸಂಬಳ ಇಲ್ಲ, ಇದ್ದರೂ ಹೆಸರಿಗೆ. ಸುಸ್ತಾಗಿ ಕೂತರೆ ತೊರಕೆ ಮೀನಿನ ಬಾಲದಿಂದ ಏಟು. ಓಡಿಹೋಗಬಹುದೆಂಬ ಅನುಮಾನ ಬಂದವರನ್ನು ಕಂಪನಿಯ ಆವರಣದಲ್ಲಿ ಬೋನಿಗೆ ಹಾಕುತ್ತಿದ್ದರು. 2015ರ ಮಾರ್ಚಿನಲ್ಲಿ ಅಸೋಸಿಯೇಟೆಡ್ ಪ್ರೆಸ್ಸಿನ ವರದಿಗಾರ್ತಿಯರು ಇದನ್ನು ಬಯಲಿಗೆಳೆದರು. ಮರುತಿಂಗಳೇ ಇಂಡೋನೇಷ್ಯಾದ ಅಧಿಕಾರಿಗಳು ಬಂದಾಗ 300ಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲೇ ಹೊರಟು ನಿಂತರು. ಆ ವರ್ಷ ಒಟ್ಟು 2,000ಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ವರದಿಗೆ 2016ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಸಂತೋಷ.

ಆಮೇಲೇನು?

ಬರ್ಮಾದ ಒಬ್ಬಾತ 1993ರಲ್ಲಿ ಹದಿಹರೆಯದ ಹುಡುಗನಾಗಿ ಮನೆ ಬಿಟ್ಟವನು, 22 ವರ್ಷದ ನಂತರ ಊರಿಗೆ ಬಂದ. ತಾಯಿಯನ್ನು ತಬ್ಬಿಕೊಂಡು ಅತ್ತದ್ದನ್ನು ಜಗತ್ತೆಲ್ಲ ನೋಡಿತು. ಕಣ್ಣೀರು ಒರೆಸಿಕೊಂಡ ಮರುದಿನದ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ನಲವತ್ತರ ಗಂಡಸು. ಕೈಯಲ್ಲಿ ಕಾಸಿಲ್ಲ. ಗೊತ್ತಿರುವುದು ಬಲೆ ಎಳೆಯುವ ಕೆಲಸ ಒಂದೇ, ಅದೂ ತನ್ನ ಬದುಕು ನುಂಗಿದ ಕೆಲಸ. ಬರಬೇಕಾದ ಇಪ್ಪತ್ತೆರಡು ವರ್ಷದ ಕೂಲಿಯನ್ನು ಯಾರ ಹತ್ತಿರ ಕೇಳುವುದು? ದಾಖಲೆಯಲ್ಲಿರುವ ಹೆಸರು ಅವನದ್ದಲ್ಲ!

ಈ ಪ್ರಶ್ನೆಗೆ ಬೆನ್ನು ತೋರಿಸದವರೂ ಇದ್ದಾರೆ. ಥಾಯ್ಲೆಂಡಿನ ಸಮುತ್ ಸಾಖೋನ್ ಎಂಬ ಬಂದರು ಪಟ್ಟಣದಲ್ಲಿ 2004ರಲ್ಲಿ ಹುಟ್ಟಿದ ‘ಲೇಬರ್ ಪ್ರೊಟೆಕ್ಷನ್ ನೆಟ್‌ವರ್ಕ್’ ಅಂಥದ್ದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪತಿಮಾ ತುಂಗ್‌ಪುಚಯಾಕುಲ್ ಎಂಬ ಹೆಣ್ಣುಮಗಳು 2014ರಿಂದ ಇಂಡೋನೇಷ್ಯಾದ ದ್ವೀಪಗಳಿಗೆ ತಾವೇ ಹೋಗಿ, ಉಳಿದುಹೋದವರನ್ನು ಹುಡುಕಿದರು. ಬಾಕಿ ಸಂಬಳಕ್ಕಾಗಿ ಬಡಿದಾಡುವುದು, ಗುರುತಿನ ಕಾಗದ ಮಾಡಿಸುವುದು, ಯಂತ್ರಕ್ಕೆ ಬೆರಳು ಕೊಟ್ಟವನಿಗೆ ಪರಿಹಾರ ಕೇಳುವುದು, ಇಂಥ ಬೇಸರದ ಕೆಲಸವೇ ನಿಜವಾದ ಬಿಡುಗಡೆ. 2015ರಲ್ಲಿ ಪಾರಾಗಿ ಬಂದ ಮೀನುಗಾರರೇ ಸೇರಿ ತಮ್ಮದೊಂದು ಗುಂಪನ್ನೂ ಕಟ್ಟಿಕೊಂಡರು. ನಿನ್ನೆ ಹೊಡೆತ ತಿಂದವನು ಇಂದು ಇನ್ನೊಬ್ಬನ ದೂರು ಬರೆಸುತ್ತಾನೆ. ಯಾವ ದೊರೆಯ ದಾನವೂ ಇದಕ್ಕೆ ಸಮವಲ್ಲ. ಅಂದಹಾಗೆ ಥಾಯ್ ಸರ್ಕಾರ ಚುರುಕಾದದ್ದು ಕರುಣೆಯಿಂದಲ್ಲ. 2015ರಲ್ಲಿ ಯುರೋಪಿನವರು ‘ಹಳದಿ ಕಾರ್ಡ್’ ತೋರಿಸಿ, ನಿಮ್ಮ ಮೀನೇ ಬೇಡ ಎಂದಾರೆಂಬ ಭಯ ಹುಟ್ಟಿಸಿದ ಮೇಲೆ. 2019ರ ಜನವರಿಯಲ್ಲಿ ಆ ಕಾರ್ಡು ಹೋಯಿತು. ಅದೇ ತಿಂಗಳು ಮೀನುಗಾರಿಕೆ ಕೆಲಸದ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಸಹಿ ಬಿತ್ತು.

ನಮ್ಮ ದೇಶದ ಮಾತಿಗೆ ಬನ್ನಿ. 2024ರ ಫೆಬ್ರವರಿಯಲ್ಲಿ ಕನ್ಯಾಕುಮಾರಿ ಕಡೆಯ ಮೂವರು ಮೀನುಗಾರರು ಕುವೈತಿನಿಂದ ಮಾಲೀಕನ ಬೋಟನ್ನೇ ಓಡಿಸಿಕೊಂಡು ಮುಂಬೈಗೆ ಬಂದರು. ಸಂಬಳ ಕೊಡಲಿಲ್ಲ, ಹೊಡೆದರು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು ಎಂದು ಹೇಳಿದರು. ಸಿಕ್ಕ ಸ್ವಾಗತವೇನು ಗೊತ್ತೇ? ಪಾಸ್‌ಪೋರ್ಟ್ ಕಾನೂನಿನಡಿ ಬಂಧನ! ಪಾಸ್‌ಪೋರ್ಟ್ ಕಳೆದುಕೊಂಡವನ ಮೇಲೆ ಪಾಸ್‌ಪೋರ್ಟ್ ಇಲ್ಲವೆಂದು ಕೇಸು! ಅದೇ ಮೇ ತಿಂಗಳಲ್ಲಿ ಅದೇ ಕಡೆಯ ಆರು ಮಂದಿ ಇರಾನಿನಿಂದ ಹೀಗೇ ಬಂದರು, ಕೇರಳದ ಕಡಲಲ್ಲಿ ಕರಾವಳಿ ಕಾವಲು ಪಡೆಗೆ ಸಿಕ್ಕರು.

ಜೀತದಿಂದ ಬಿಡಿಸಿ ಬದುಕು ಕಟ್ಟಿಕೊಡದಿದ್ದರೆ ಆ ಬಿಡುಗಡೆಗೆ ಅರ್ಥವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲೇ ಹೇಳಿದೆ. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ ರೂಪಾಯಿ ಎಂದಿದೆ, ಆದರೆ ಪೂರಾ ಹಣಕ್ಕೆ ತಪ್ಪಿತಸ್ಥನಿಗೆ ಶಿಕ್ಷೆಯಾಗಬೇಕು. ಹೊಡೆದವನು ಕುವೈತಿನಲ್ಲಿದ್ದರೆ?

ಕನ್ನಡದ ಪತ್ರಿಕೆಗೆ ಇದೆಲ್ಲ ಏಕೆ ಎಂದು ಕೆಲವರು ಮೂಗು ಮುರಿಯುತ್ತಾರೆ, ಗೊತ್ತು. ಹೇಳುತ್ತೇನೆ. ಭಟ್ಕಳ, ಹೊನ್ನಾವರ, ಕುಮಟಾದ ನಮ್ಮ ಹುಡುಗರು ದುಬೈ ಬೋಟುಗಳಲ್ಲಿ ದುಡಿಯುತ್ತಿದ್ದಾರೆ. 2018ರಲ್ಲಿ ಉತ್ತರ ಕನ್ನಡದ 18 ಮಂದಿ ಗಡಿ ದಾಟಿದರೆಂದು ಇರಾನಿನಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ನರಳಿದರು. ಅದು ಜೀತವಲ್ಲ, ನಿಜ. ಆದರೆ ಪರದೇಶದ ಕಡಲಲ್ಲಿ ತನ್ನ ಮಾತು ತಿಳಿಯದವರ ಮುಂದೆ ನಿಲ್ಲುವುದೆಂದರೇನು ಎಂದು ಆ ಮನೆಗಳಿಗೆ ಗೊತ್ತು.

ಇನ್ನೊಂದು ಕಡೆ ನಮ್ಮದೇ ದಕ್ಕೆ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಲೆ ಎಳೆಯುತ್ತಾರೆ. 2021ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಆಂಧ್ರದ ಮೀನುಗಾರನೊಬ್ಬನನ್ನು ಮೊಬೈಲ್ ಕದ್ದನೆಂದು ಬೋಟಿನಲ್ಲಿ ತಲೆಕೆಳಗಾಗಿ ನೇತುಹಾಕಿ ಹೊಡೆದರು. ಹೊಡೆದವರು ಜೊತೆಗಾರರೇ. ವಿಡಿಯೋ ಹೊರಬಿತ್ತು, ಆರು ಮಂದಿಯನ್ನು ಹಿಡಿದರು. ವಿಡಿಯೋ ಇಲ್ಲದಿದ್ದರೆ ಅವನು ಯಾರ ಹತ್ತಿರ, ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕಿತ್ತು? ಮುಂಗಡ ತೀರುವವರೆಗೆ ಇಳಿಯಕೂಡದೆಂದು ಯಾರನ್ನಾದರೂ ಹಿಡಿದಿಟ್ಟರೆ 1976ರ ಕಾನೂನಿನಂತೆ ಅದು ಜೀತ. ಆದರೆ ಹಾಗೆಂದು ಹೇಳಲು ಅವನ ಬಾಯಿಗೆ ನಮ್ಮ ಠಾಣೆಯಲ್ಲಿ ಒಂದು ಕಿವಿ ಬೇಕಲ್ಲ!

ಬ್ಯಾಂಕಿನ ಚಲನಿನಲ್ಲಿ ಕನ್ನಡವಿಲ್ಲವೆಂದು ಬೀದಿಗಿಳಿದವರು ನಾವು. ತನ್ನ ಮಾತಿಗೆ ಬೆಲೆಯಿಲ್ಲದ ಕಡೆ ಮನುಷ್ಯ ಎಷ್ಟು ಕುಗ್ಗುತ್ತಾನೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದ್ದರಿಂದ ಎರಡು ಬೇಡಿಕೆ. ಕೊಲ್ಲಿಯ ದೇಶಗಳ ನಮ್ಮ ರಾಯಭಾರ ಕಚೇರಿಗಳಲ್ಲಿ ಫೋನೆತ್ತಿ ಕನ್ನಡದಲ್ಲಿ ಮಾತಾಡುವ ಒಬ್ಬರಾದರೂ ಇರಲಿ. ಮತ್ತು ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಲ್ಲಿ ಕಾರ್ಮಿಕ ಇಲಾಖೆ ಒಂದು ಬೋರ್ಡು ಹಾಕಲಿ. ಮೇಲೆ ಕನ್ನಡ, ದೊಡ್ಡದಾಗಿಯೇ ಇರಲಿ. ಕೆಳಗೆ ಒಡಿಯಾದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ದೂರು ಕೊಡುವ ಫೋನ್ ನಂಬರ್ ಇರಲಿ. ಬೋಟು ಹತ್ತುವ ಪ್ರತಿಯೊಬ್ಬನ ನಿಜವಾದ ಹೆಸರು, ಊರು, ಒಪ್ಪಿದ ಕೂಲಿ ದಕ್ಕೆಯ ಪುಸ್ತಕದಲ್ಲಿ ಅವನೆದುರೇ ಬರೆಯಲಿ. ಮನವಿ ಬರೆದಾಗಿದೆ, ನಿಮ್ಮ ಸಹಿ ಬಾಕಿ.